ದಡಕ್ಕೆ ಮುಖಮಾಡಿ ಕಟ್ಟಿದ ದ್ವೀಪಗಳು

ಸೊಲೊಮನ್ ದ್ವೀಪಸಮೂಹದ ಮಲೈಟಾ ಉದ್ದಕ್ಕೆ ಮಲಗಿದ, ನಡುವೆ ಕಾಡುಗುಡ್ಡಗಳು ತುಂಬಿದ ದೊಡ್ಡ ನಡುಗಡ್ಡೆ. ಅದರ ಈಶಾನ್ಯದ ಅಂಚಿನಲ್ಲಿ ಹವಳದ ದಿಬ್ಬವೊಂದು ಪೆಸಿಫಿಕ್ ಸಾಗರದ ಅಲೆಗಳನ್ನು ಹೊರಗೇ ತಡೆದು ನಿಲ್ಲಿಸಿದೆ. ಆ ದಿಬ್ಬಕ್ಕೂ ದಡಕ್ಕೂ ನಡುವೆ ಹತ್ತಾರು ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡ, ಆಳವಿಲ್ಲದ ತಿಳಿನೀರೇ ಲೌ ಲಗೂನ್. ಈ ನೀರಿನಲ್ಲಿ ಅರವತ್ತರ ಆಸುಪಾಸು ಪುಟ್ಟ ದ್ವೀಪಗಳಿವೆ. ಅವುಗಳನ್ನು ಕಟ್ಟಿದ್ದು ಮನುಷ್ಯರ ಕೈ. ಸುಲುಫೌ, ಫುನಾಫೌ, ಫೌಯೆಡಾ ಎಂಬ ಹೆಸರುಗಳಲ್ಲಿ ಮತ್ತೆ ಮತ್ತೆ ಬರುವ 'ಫೌ' ಎಂಬ ಲೌ ನುಡಿಗೆ ಕಲ್ಲು ಎಂದೇ ಅರ್ಥ. ಕಟ್ಟುವ ಬಗೆ ಹೇಳುವುದಕ್ಕೆ ಸರಳ, ಮಾಡುವುದಕ್ಕೆ ಬೆನ್ನು ಮುರಿಯುವಂಥದು. ನೀರು ಇಳಿದಾಗ ತಲೆದೋರುವ ಹವಳದ ಹಾಸೊಂದನ್ನು ಆರಿಸಿಕೊಳ್ಳಬೇಕು. ಸುತ್ತಲಿನ ದಿಬ್ಬದಿಂದ ಹವಳದ ಬಂಡೆಗಳನ್ನು ಕಿತ್ತು ತೆಪ್ಪಗಳಲ್ಲೂ ದೋಣಿಗಳಲ್ಲೂ ಹೇರಿ ತರಬೇಕು. ಗಾರೆಯಿಲ್ಲದೆ, ಒಂದರ ಸಂದಿಗೆ ಇನ್ನೊಂದು ಕೂರುವಂತೆ ಅವನ್ನು ಪೇರಿಸುತ್ತ ಹೋಗಬೇಕು. ಉಬ್ಬರದ ನೀರೂ ಮುಟ್ಟದಷ್ಟು ಎತ್ತರಕ್ಕೆ ಕಲ್ಲು ಬಂದ ಮೇಲೆ ಒಳಗೆ ಮರಳು, ಹವಳದ ಚೂರು, ಮಣ್ಣು ತುಂಬಬೇಕು. ಮನೆ ಏಳುವುದು, ತೆಂಗಿನ ಸಸಿ ಬೇರು ಬಿಡುವುದು ಆಮೇಲಿನ ಮಾತು. ಗಂಡಾಳು, ಹೆಣ್ಣಾಳು, ಮಕ್ಕಳು ಎಲ್ಲರೂ ಇಳಿತದ ಕೆಲವೇ ಗಂಟೆಗಳಲ್ಲಿ ಮಾಡಬೇಕಾದ ಈ ಕೆಲಸ ವರ್ಷಗಟ್ಟಲೆ ಹಿಡಿಯುತ್ತದೆ. ನಿಜ ಹೇಳಬೇಕೆಂದರೆ ಅದು ಎಂದೂ ಮುಗಿಯುವುದಿಲ್ಲ. ಮಗ ಮದುವೆಯಾದರೆ ಅಂಚಿಗೆ ಇನ್ನಷ್ಟು ಕಲ್ಲು ಬೀಳುತ್ತದೆ, ಬಿರುಗಾಳಿ ಬಂದು ಹೋದರೆ ಕುಸಿದ ಮಗ್ಗುಲನ್ನು ಮತ್ತೆ ಎತ್ತಬೇಕಾಗುತ್ತದೆ.

ಹಿಂದೆಯೇ ಕಾಡುವ ಪ್ರಶ್ನೆ: ಬೆನ್ನ ಹಿಂದೆ ಹಸಿರು ತುಂಬಿದ ಅಷ್ಟು ದೊಡ್ಡ ನೆಲವಿರುವಾಗ ಇಷ್ಟು ಪಾಡು ಪಟ್ಟು ನೀರಿನ ಮೇಲೆ ನೆಲ ಹುಟ್ಟಿಸಿಕೊಂಡದ್ದು ಏತಕ್ಕೆ? ಲೌ ಜನರ ನಡುವೆ ಇದ್ದು ಬರೆದ ಪಾದ್ರಿ, ವಿದ್ವಾಂಸ ವಾಲ್ಟರ್ ಐವನ್ಸ್ ಅವರ ಪುಸ್ತಕ 1930ರಲ್ಲಿ ಹೊರಬಂದಾಗಿನಿಂದ ಇಂದಿನ ಪ್ರವಾಸಿ ಕೈಪಿಡಿಗಳವರೆಗೆ ಎರಡು ಉತ್ತರಗಳು ಜೋಡಿಯಾಗಿ ಓಡಾಡುತ್ತಿವೆ. ಒಂದು, ಗುಡ್ಡಗಾಡಿನ ಶತ್ರುಗಳ ಭಯ. ಇನ್ನೊಂದು, ದಡದ ಸೊಳ್ಳೆಗಳ ಕಾಟ. ಎರಡೂ ಸುಳ್ಳಲ್ಲ. ಆದರೆ ಎರಡಕ್ಕೂ ಒಂದೇ ಬಗೆಯ ಕುಂದಿದೆ. ಈ ದ್ವೀಪಗಳನ್ನು ಅವು ನೆಲದಿಂದ ಓಡಿ ಬಂದವರ ಅಡಗುತಾಣವಾಗಿ ನೋಡುತ್ತವೆ. ಅಲ್ಲಿನವರ ಬದುಕಿನ ವಿವರಗಳನ್ನು ಒಂದೊಂದಾಗಿ ಇಟ್ಟು ನೋಡಿದರೆ ನನಗೆ ಕಾಣುವುದು ಇದಕ್ಕೆ ವಿರುದ್ಧವಾದ ಚಿತ್ರ. ಲೌ ಜನ ದ್ವೀಪ ಕಟ್ಟಿದ್ದು ನೆಲಕ್ಕೆ ಬೆನ್ನು ಹಾಕಿ ಅಲ್ಲ, ನೆಲದವರೊಡನೆ ವ್ಯವಹಾರ ಮಾಡಲು. ಅವು ಮೀನಿಗೂ ಕೆಸುವಿನ ಗೆಡ್ಡೆಗೂ ನಡುವೆ, ಹೊರಗಡಲಿಗೂ ಗುಡ್ಡಕ್ಕೂ ನಡುವೆ ಬೇಕೆಂದೇ ಹೂಡಿದ ನೆಲೆಗಳು.

ಮೊದಲು ಭಯದ ವಾದವನ್ನು ಅದರ ಪೂರ್ಣ ಬಲದೊಂದಿಗೇ ಕೇಳೋಣ. ಮಲೈಟಾದವರು ತಮ್ಮನ್ನು ಎರಡಾಗಿ ಎಣಿಸಿಕೊಳ್ಳುತ್ತಾರೆ: 'ಆಸಿ', ಅಂದರೆ ಕಡಲಿನವರು, 'ತೊಲೊ', ಅಂದರೆ ಗುಡ್ಡದವರು. ಇವರ ನಡುವೆ ಸೇಡಿನ ಸರಪಳಿ ಇತ್ತು, ತಲೆ ಉರುಳಿದ್ದೂ ಉಂಟು. ದ್ವೀಪವಾಸಿಗಳ ಎಷ್ಟೋ ವಂಶಕಥೆಗಳು ಗುಡ್ಡದ ಮೇಲಿನ ಯಾವುದೋ ಊರಿನಿಂದ, ಒಂದು ಜಗಳದಿಂದ, ರಾತ್ರೋರಾತ್ರಿ ಇಳಿದು ಬಂದ ಹಿರಿಯನಿಂದ ಶುರುವಾಗುತ್ತವೆ. ಸಾಕ್ಷಿಯನ್ನು ಅಲ್ಲಿನವರೇ ಕೊಡುತ್ತಿರುವಾಗ ಅದನ್ನು ತಳ್ಳಿಹಾಕುವುದು ಸರಿಯಲ್ಲ. ಆದರೂ ಗಮನಿಸಬೇಕಾದ ಒಂದು ಮಾತಿದೆ. ಆ ಕಥೆಗಳು ಮನೆ ಬಿಟ್ಟದ್ದಕ್ಕೆ ಕಾರಣ ಹೇಳುತ್ತವೆಯೇ ಹೊರತು ಕಲ್ಲು ಹೊತ್ತದ್ದಕ್ಕೆ ಹೇಳುವುದಿಲ್ಲ. ಈ ರಾತ್ರಿ ಓಡಿ ಬಂದವನಿಗೆ ಬೇಕಾದದ್ದು ಈ ರಾತ್ರಿಯ ಆಸರೆ. ವರ್ಷಗಟ್ಟಲೆ ಹಿಡಿಯುವ ಕಟ್ಟಡ ಅವನನ್ನು ಉಳಿಸಲಾರದು. ಅವನು ಉಳಿದದ್ದು ಆಗಲೇ ನೀರಿನ ಮೇಲೆ ನೆಲೆ ನಿಂತಿದ್ದ, ಅವನನ್ನು ಒಳಗೆ ಬಿಟ್ಟುಕೊಳ್ಳಲು ಒಪ್ಪಿದ ಜನರಿಂದ. ಆ ಮೊದಲಿನವರು ಅಲ್ಲಿಗೆ ಹೋದದ್ದೇಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಇನ್ನೂ ಒಂದು ಅಡ್ಡಿಯುಂಟು. ಲೌ ಜನರ ಕಾದಾಟ ಗುಡ್ಡದವರೊಡನೆ ಮಾತ್ರ ನಡೆದದ್ದಲ್ಲ. ದ್ವೀಪ ದ್ವೀಪಗಳೇ ತಮ್ಮಲ್ಲಿ ಹೊಡೆದಾಡಿವೆ. ದೋಣಿಯಲ್ಲಿ ಬರುವ ಶತ್ರುವಿಗೆ ಸುತ್ತಲಿನ ನೀರು ಕಂದಕವಾಗುವುದಿಲ್ಲ, ಹೆದ್ದಾರಿಯಾಗುತ್ತದೆ.

ಈಗ ಈ ದ್ವೀಪಗಳು ಇರುವ ಜಾಗ ನೋಡಿ. ಬರಿಯ ಭಯವೇ ಕಾರಣವಾಗಿದ್ದರೆ ಅವು ಆದಷ್ಟು ದೂರ, ಹೊರದಿಬ್ಬದ ಬೆನ್ನಿಗೇ ಅಂಟಿಕೊಂಡಿರಬೇಕಿತ್ತು. ಹಲವು ದ್ವೀಪಗಳು ದಡದಿಂದ ಕೆಲವೇ ನೂರು ಮೀಟರ್ ಆಚೆಗಿವೆ. ಅಲ್ಲಿ ಹೊಳೆಯಿಲ್ಲ, ಬಾವಿಯಿಲ್ಲ, ಸೌದೆಯಿಲ್ಲ, ಗೆಡ್ಡೆ ಬೆಳೆಯುವಷ್ಟು ಮಣ್ಣಿಲ್ಲ. ಕುಡಿಯುವ ನೀರಿಗೆ ಹೆಂಗಸರು ಬಿದಿರಿನ ಅಂಡೆಗಳನ್ನು ದೋಣಿಯಲ್ಲಿಟ್ಟುಕೊಂಡು ಹೊಳೆಯ ಅಳಿವೆಗೆ ಹುಟ್ಟು ಹಾಕಿ ಹೋಗಬೇಕಿತ್ತು. ಒಲೆಗೆ ಬೇಕಾದ ಕಟ್ಟಿಗೆ, ಮನೆಗೆ ಬೇಕಾದ ತಾಳೆಗರಿ, ದೋಣಿಗೆ ಬೇಕಾದ ಮರ ಎಲ್ಲವೂ ದಡದ್ದು. ಎಷ್ಟೋ ಮನೆತನಗಳಿಗೆ ದಡದಲ್ಲಿ ತೋಟಗಳೂ ಇದ್ದವು, ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ರೂಢಿಯಿತ್ತು. ನೆಲದವನಿಗೆ ಹೆದರಿ ಕಟ್ಟಿದ ಕೋಟೆಯ ಹೆಂಗಸರು ದಿನವೂ ಆ ನೆಲದವನ ಹೊಳೆಯಲ್ಲೇ ನೀರು ತುಂಬುತ್ತಿದ್ದರೆಂದರೆ, ಆ ಭಯ ಒಂದು ಅಳತೆಗೆ, ಒಂದು ಕಟ್ಟಳೆಗೆ ಒಳಪಟ್ಟದ್ದಾಗಿತ್ತು ಎಂದೇ ಹೇಳಬೇಕು. ಇನ್ನೊಂದು ಪಕ್ಕಕ್ಕೆ ತಿರುಗಿದರೆ ಮೀನಿನ ಹಾದಿ. ಉಬ್ಬರ ಏರುವಾಗ ದಿಬ್ಬದ ಸೀಳುಗಳ ಮೂಲಕ ಮೀನು ಒಳಗೆ ಬರುತ್ತದೆ, ಇಳಿಯುವಾಗ ಹೊರಗೆ ಹೋಗುತ್ತದೆ. ಈ ಹೋಗಿಬರುವ ಹೊತ್ತನ್ನು ಚಂದ್ರನ ಲೆಕ್ಕದಲ್ಲಿ, ಗಾಳಿಯ ದಿಕ್ಕಿನಲ್ಲಿ, ನೀರಿನ ಬಣ್ಣದಲ್ಲಿ ಓದುವ ಲೌ ಜನರ ವಿದ್ಯೆ ಎಷ್ಟು ಸೂಕ್ಷ್ಮವಾದದ್ದೆಂದರೆ, ಜಪಾನಿನ ಮಾನವಶಾಸ್ತ್ರಜ್ಞ ತೊಮೊಯಾ ಅಕಿಮಿಚಿ 1970ರ ದಶಕದಲ್ಲಿ ಅವರ ಮೀನಿನ ಹೆಸರುಗಳನ್ನೂ ಬೇಟೆಯ ಕ್ರಮಗಳನ್ನೂ ಅಧ್ಯಯನಕ್ಕೆ ಎತ್ತಿಕೊಂಡರು. ದಡದಲ್ಲಿ ಮನೆ ಮಾಡಿದವನಿಗಿಂತ ದಿಬ್ಬದ ಮೇಲೆಯೇ ಮಲಗುವವನಿಗೆ ಆ ಹೊತ್ತು ಕೈತಪ್ಪುವುದು ಕಡಿಮೆ. ಎರಡು ಕಡೆಗೂ ಸಮೀಪವಾದ ಜಾಗ ಬೇಕೆಂದರೆ ಅದು ನೀರಿನ ನಡುವೆಯೇ ಇರಬೇಕು. ಅಲ್ಲಿ ನೆಲವಿಲ್ಲವಾದ್ದರಿಂದ ನೆಲವನ್ನೇ ಮಾಡಿಕೊಂಡರು.

ಈ ವಾದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಆಧಾರ ಇರುವುದು ಕಡಲತಡಿಯ ಸಂತೆಯಲ್ಲಿ. ಲೌ ಜನರ ನೆರೆಯ ಗುಡ್ಡದವರಾದ ಬೇಗು ಜನರನ್ನು ಕುರಿತು ಹೆರಾಲ್ಡ್ ರಾಸ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ 1973ರಲ್ಲಿ ಪುಸ್ತಕ ಬರೆದರು. ಕೆಲವು ವರ್ಷಗಳ ತರುವಾಯ ಅವರ ಸಂತೆಗಳ ಬಗ್ಗೆಯೇ ಬೇರೆ ಲೇಖನ ಬರೆದರು. ಗೊತ್ತಾದ ದಿನ, ಗೊತ್ತಾದ ತಾಣದಲ್ಲಿ ಗುಡ್ಡದ ಹೆಂಗಸರು ಕೆಸುವಿನ ಗೆಡ್ಡೆ, ಗೆಣಸು, ಸೊಪ್ಪು ಹೊತ್ತು ಇಳಿದು ಬರುತ್ತಿದ್ದರು. ಕಡಲಿನ ಹೆಂಗಸರು ದೋಣಿ ತುಂಬ ಮೀನು ತಂದು ಎದುರಾಗುತ್ತಿದ್ದರು. ಮಾತುಕತೆ, ಅದಲು ಬದಲು ಎಲ್ಲವೂ ಹೆಂಗಸರದ್ದೇ. ಹಿಂದಿನ ಕಾಲದಲ್ಲಿ ಎರಡೂ ಕಡೆಯ ಗಂಡಸರು ಆಯುಧ ಹಿಡಿದು ಹಿಂದೆ ನಿಂತಿರುತ್ತಿದ್ದರು. ಸಂತೆ ಮುಗಿಯುವ ತನಕ ಸೇಡು ಕಾಯಬೇಕಿತ್ತು. ಮೀನಿಲ್ಲದ ಗುಡ್ಡಕ್ಕೂ ಗೆಡ್ಡೆಯಿಲ್ಲದ ದಿಬ್ಬಕ್ಕೂ ಈ ಸಂತೆ ಕೇವಲ ಅನುಕೂಲವಾಗಿರಲಿಲ್ಲ, ಹೊಟ್ಟೆಯ ಮಾತಾಗಿತ್ತು. ಕವಳವೊಂದನ್ನೇ ನೋಡಿ. ಮಲೈಟಾದಲ್ಲೂ ಅಡಿಕೆ ಜಗಿಯುತ್ತಾರೆ. ಅಡಿಕೆ ಬೆಳೆಯುವುದು ನೆಲದಲ್ಲಿ, ಸುಣ್ಣ ಸಿಗುವುದು ಕಡಲಿನ ಹವಳವನ್ನು ಸುಟ್ಟಾಗ. ಬಾಯಿ ಕೆಂಪಾಗಬೇಕಾದರೆ ಎರಡು ಕಡೆಯವರೂ ಕೂಡಬೇಕು. ಶತ್ರುತ್ವ ಮತ್ತು ವ್ಯಾಪಾರ ಒಂದಕ್ಕೊಂದು ವಿರುದ್ಧ ಎಂದು ನಾವು ತಿಳಿಯುತ್ತೇವೆ. ಮಲೈಟಾದ ತಡಿಯಲ್ಲಿ ಅವೆರಡೂ ಒಂದೇ ಜನರ ನಡುವೆ, ಒಂದೇ ವಾರದೊಳಗೆ ನಡೆಯುತ್ತಿದ್ದವು. ದ್ವೀಪ ಇದಕ್ಕೆ ತಕ್ಕ ಮನೆ: ಕೂಗಿದರೆ ಕೇಳುವಷ್ಟು ಹತ್ತಿರ, ಕೇಳದೆ ಒಳಗೆ ಕಾಲಿಡಲಾಗದಷ್ಟು ದೂರ.

ಹೊರಗಿನವರ ಕಣ್ಣಿಗೆ ಈ ಬದುಕು ಒಳಗಿನಿಂದ ಮೊದಲು ಕಂಡದ್ದು ಒಂದು ಅವಘಡದಿಂದ. ಸ್ಕಾಟ್ಲೆಂಡಿನ ಆರ್ಕ್‌ನಿಯ ನಾವಿಕ ಜ್ಯಾಕ್ ರೆಂಟನ್ 1868ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬಲವಂತವಾಗಿ ಹಡಗೊಂದಕ್ಕೆ ಸೇರಿಸಲ್ಪಟ್ಟ. ಜತೆಗಾರರೊಂದಿಗೆ ಸಣ್ಣ ದೋಣಿಯಲ್ಲಿ ತಪ್ಪಿಸಿಕೊಂಡು, ತಿಂಗಳಿಗೂ ಹೆಚ್ಚು ಕಾಲ ತೇಲಿ, ಮಲೈಟಾದ ತಡಿಗೆ ಬಂದು ಬಿದ್ದ. ಸುಲುಫೌ ದ್ವೀಪದ ಮುಖ್ಯಸ್ಥ ಕಬೌ ಅವನನ್ನು ತನ್ನವನನ್ನಾಗಿ ಮಾಡಿಕೊಂಡ. ಏಳು ವರ್ಷ ಅಲ್ಲಿನವನಾಗಿಯೇ ಬದುಕಿದ ರೆಂಟನ್ 1875ರಲ್ಲಿ, ಹಲಗೆಯ ತುಂಡೊಂದರ ಮೇಲೆ ಇದ್ದಲಿನಿಂದ ಬರೆದು ಕಳಿಸಿದ ಮಾತು ತಲುಪಿ, 'ಬಾಬ್‌ಟೇಲ್ ನ್ಯಾಗ್' ಎಂಬ ಹಡಗಿನಲ್ಲಿ ಹೊರಬಂದ. ಆ ಹಡಗು ಬಂದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ತೋಟಗಳಿಗೆ ಕೂಲಿಯಾಳು ಹುಡುಕಿಕೊಂಡು. ಮುಂದಿನ ಮೂವತ್ತು ವರ್ಷಗಳಲ್ಲಿ ಮಲೈಟಾದ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಕ್ವೀನ್ಸ್‌ಲ್ಯಾಂಡಿಗೆ ಹೋದರು. ಫಿಜಿಗೆ ಹೋದವರು ಬೇರೆ. ನಮ್ಮ ನಾಡಿನಿಂದ ಗಿರ್ಮಿಟ್, ಅಂದರೆ ಕೂಲಿಯ ಕರಾರು, ಬರೆಸಿಕೊಂಡು ಹೋದವರು ಫಿಜಿಯ ನೆಲದಲ್ಲಿ ಬೆವರು ಸುರಿಸುತ್ತಿದ್ದ ಕಾಲವೂ ಅದೇ. ಈ ಆಳುಗಳ ವ್ಯಾಪಾರದಲ್ಲಿ ಲೌ ದ್ವೀಪಗಳು ಹಿಡಿದ ಪಾತ್ರ ನನ್ನ ವಾದಕ್ಕೆ ತುಂಬ ಮುಖ್ಯ. ಅಡಗೆಗೆ ದ್ವೀಪದ ಕ್ವೈಸುಲಿಯಾ ತಾನೇ ಕ್ವೀನ್ಸ್‌ಲ್ಯಾಂಡಿನಲ್ಲಿ ದುಡಿದು ಮರಳಿದವನು. ಹಡಗಿನವರಿಗೂ ಗುಡ್ಡದ ಯುವಕರಿಗೂ ನಡುವೆ ನಿಂತು, ಒಂದು ಕಡೆಗೆ ಆಳುಗಳನ್ನು ದಾಟಿಸಿ, ಇನ್ನೊಂದು ಕಡೆಯಿಂದ ಕಬ್ಬಿಣದ ಕೊಡಲಿ, ಬಟ್ಟೆ, ತಂಬಾಕು, ಬಂದೂಕು ಪಡೆದು, 1909ರಲ್ಲಿ ಮೀನು ಹಿಡಿಯಲು ಹೊತ್ತಿಸಿದ ಡೈನಮೈಟ್‌ನಿಂದ ಸಾಯುವವರೆಗೂ ಲಗೂನಿನ ಪ್ರಬಲ ವ್ಯಕ್ತಿಯಾಗಿ ಮೆರೆದ. ಅಡಗಿ ಕೂತವರ ನೆಲೆಯಿಂದ ಇಂಥ ದಲ್ಲಾಳಿ ಹುಟ್ಟಲಾರ. ಮೀನು ಗೆಡ್ಡೆಗಳ ವಿನಿಮಯದಲ್ಲಿ ನಡುವೆ ನಿಂತು ಪಳಗಿದ ಜನವೇ ಹಡಗು ಬಂದಾಗಲೂ ನಡುವೆ ನಿಂತದ್ದು. ಈ ವ್ಯಾಪಾರದಲ್ಲಿ ನೋವಿತ್ತು, ಮೋಸವಿತ್ತು. ಮರಳಿ ಬಾರದವರು ಬಹಳ ಮಂದಿ. ಅದನ್ನು ಮರೆಸುವಂತೆ ಕ್ವೈಸುಲಿಯಾನ ಕಥೆ ಹೇಳಬಾರದು. ಗುಡ್ಡಕ್ಕೂ ಬಂದೂಕು ತಲುಪಿದ ಆ ದಶಕಗಳಲ್ಲಿ ಕೆಲವು ನೂರು ಮೀಟರ್ ನೀರು ಗುಂಡಿಗೆ ದೊಡ್ಡ ತಡೆಯೇನೂ ಆಗಿರಲಿಲ್ಲ. ಆದರೂ ಜನ ದ್ವೀಪ ಬಿಟ್ಟು ಏಳಲಿಲ್ಲ ಎಂಬುದನ್ನೂ ಭಯದ ವಾದ ಮಾಡುವವರು ವಿವರಿಸಬೇಕಾಗುತ್ತದೆ.

ಸೊಳ್ಳೆಯ ವಾದಕ್ಕೆ ಇಷ್ಟು ಹೊತ್ತು ಬೇಕಾಗಿಲ್ಲ. ಮಲೈಟಾದ ತಗ್ಗು ತೀರ ಮಲೇರಿಯಾದ ಮನೆ. ನಿಂತ ಸಿಹಿನೀರಿಲ್ಲದ, ಗಾಳಿಯಾಡುವ ಕಲ್ಲಿನ ದ್ವೀಪದಲ್ಲಿ ಸೊಳ್ಳೆ ಕಡಿಮೆ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಅದಕ್ಕೆ ಎಷ್ಟೋ ತಲೆಮಾರು ಮೊದಲೇ ಇಲ್ಲಿ ಕಲ್ಲು ಪೇರಿಸಿಯಾಗಿತ್ತು. ಕಾರಣ ತಿಳಿಯದಿದ್ದರೂ ಅನುಭವ ಕಲಿಸುತ್ತದೆ, ದಡದಲ್ಲಿ ಮಲಗಿದ ಮಕ್ಕಳಿಗೆ ಜ್ವರ ಬರುತ್ತದೆ, ದಿಬ್ಬದ ಮೇಲೆ ಮಲಗಿದವರಿಗೆ ಬರುವುದಿಲ್ಲ ಎಂದು ಹೇಳಬಹುದು. ಒಪ್ಪೋಣ. ಆದರೆ ಅದೇ ಸೊಳ್ಳೆ ಪಕ್ಕದ ನಡುಗಡ್ಡೆಗಳ ತೀರದಲ್ಲೂ ಇತ್ತು. ಹವಳದ ದಿಬ್ಬಗಳೂ ಈ ಸಮುದ್ರದಲ್ಲಿ ಎಲ್ಲೆಲ್ಲೂ ಇವೆ. ಇಷ್ಟು ಒತ್ತೊತ್ತಾಗಿ ದ್ವೀಪ ಕಟ್ಟುವ ರೂಢಿ ಬೆಳೆದದ್ದು ಮಲೈಟಾದ ಲಗೂನುಗಳಲ್ಲಿ. ಹತ್ತಿರದ ಗುಡ್ಡಗಳಲ್ಲಿ ಗೆಡ್ಡೆ ಬೆಳೆಯುವ ಜನರ ದಟ್ಟಣೆ, ಎದುರಿಗೇ ಮೀನು ತುಂಬಿದ ನೀರು ಎರಡೂ ಕೂಡಿ ಬಂದ ಕಡೆ ಅದು ಬೆಳೆಯಿತು. ಆರೋಗ್ಯ ದ್ವೀಪದಿಂದ ಸಿಕ್ಕ ಲಾಭ. ಅಲ್ಲೇ ಉಳಿಯಲು ಅದು ನೆರವಾಗಿರಬೇಕು.

ದ್ವೀಪದ ಒಳಗೆ ಕಾಲಿಟ್ಟರೆ ತಾತ್ಕಾಲಿಕ ಶಿಬಿರದ ಲಕ್ಷಣ ಒಂದೂ ಕಾಣುವುದಿಲ್ಲ. ಹಳೆಯ ಕಟ್ಟಳೆಯ ಪ್ರಕಾರ ಒಂದು ತುದಿ ಗಂಡಸರದು. ಅಲ್ಲಿ 'ಬೆಯು' ಎಂಬ ಪವಿತ್ರ ಮನೆ, ಹಿರಿಯರ ತಲೆಬುರುಡೆಗಳನ್ನಿಟ್ಟ ತಾಣ. ಇನ್ನೊಂದು ತುದಿ ಹೆಂಗಸರದು. ಮುಟ್ಟಿನ ದಿನಗಳಿಗೂ ಹೆರಿಗೆಗೂ ಮೀಸಲಾದ 'ಬಿಸಿ' ಅಲ್ಲಿರುತ್ತಿತ್ತು. ನಡುವೆ ಸಂಸಾರಗಳ ಮನೆಗಳು. ಒಬ್ಬರ ಕಡೆಗೆ ಇನ್ನೊಬ್ಬರು ಹೋಗುವಂತಿರಲಿಲ್ಲ. ಕೆಲವು ನೂರು ಹೆಜ್ಜೆಗೆ ಮುಗಿದುಹೋಗುವ ನೆಲದಲ್ಲಿ ಇಷ್ಟು ಕಟ್ಟುನಿಟ್ಟಾದ ಹಂಚಿಕೆ ಮಾಡಿಕೊಳ್ಳಬೇಕಾದರೆ ಆ ನೆಲವನ್ನು ಅವರು ಪೂರ್ಣವಾದ ಲೋಕವೆಂದೇ ಭಾವಿಸಿರಬೇಕು. 1960ರ ದಶಕದಲ್ಲಿ ಫೌಯೆಡಾದಲ್ಲಿದ್ದು ಅಧ್ಯಯನ ಮಾಡಿದ ಪಿಯರ್ ಮರಾಂಡಾ ಮತ್ತು ಎಲ್ಲಿ ಕೊಂಗಾಸ್ ಮರಾಂಡಾ ದಂಪತಿಗಳಿಗೆ ಈ ಹಳೆಯ ಧರ್ಮ ಆಚರಣೆಯಲ್ಲಿದ್ದಾಗಲೇ ನೋಡಲು ಸಿಕ್ಕಿತು. ಗಂಡಸರ ಲೋಕವನ್ನು ಒಬ್ಬರು, ಹೆಂಗಸರ ಲೋಕವನ್ನು ಇನ್ನೊಬ್ಬರು ಕೇಳಿ ಬರೆದುಕೊಳ್ಳಲು ಸಾಧ್ಯವಾದದ್ದು ಅವರು ದಂಪತಿಗಳಾಗಿದ್ದರಿಂದ. ಎಲ್ಲಿ ಮರಾಂಡಾ ಅವರು ಹೋಗದಿದ್ದರೆ ಲೌ ಹೆಂಗಸರ ಮಾತು ಬರಹಕ್ಕೆ ಬರುತ್ತಿದ್ದುದು ಅಷ್ಟಕ್ಕಷ್ಟೇ. ಕಲ್ಲಿಗೂ ಇಲ್ಲಿ ವಂಶವಿದೆ. ದ್ವೀಪದ ಯಾವ ಭಾಗವನ್ನು ಯಾವ ಹಿರಿಯ ಕಟ್ಟಿದ, ಯಾರನ್ನು ಕರೆದು ಪಕ್ಕದಲ್ಲಿ ಜಾಗ ಕೊಟ್ಟ ಎಂಬುದು ವಂಶಾವಳಿಯೊಡನೆ ಹೆಣೆದುಕೊಂಡು ಬಾಯಿಂದ ಬಾಯಿಗೆ ಬಂದಿದೆ. ಹಕ್ಕಿನ ಮೂಲ ಅಲ್ಲಿ ದುಡಿಮೆ. ನೆಲ ಅವನದು, ಏಕೆಂದರೆ ಅವನ ಅಜ್ಜ ಅದನ್ನು ಮಾಡಿದ.

ಪಶ್ಚಿಮ ಕರಾವಳಿಯ ಲಂಗಲಂಗ ಲಗೂನಿನಲ್ಲಿ ಇದೇ ಅವಲಂಬನೆ ಇನ್ನೊಂದು ರೂಪ ತಾಳಿತು. ಲೌಲಾಸಿ, ಔಕಿ ಮುಂತಾದ ದ್ವೀಪಗಳನ್ನು ಕಟ್ಟಿಕೊಂಡ ಅಲ್ಲಿನ ಜನ ಚಿಪ್ಪಿನ ಹಣ ಮಾಡುವವರು. ಚಿಪ್ಪುಗಳನ್ನು ಸಣ್ಣ ಬಿಲ್ಲೆಗಳಾಗಿ ಒಡೆದು, ಮೊನೆಗಲ್ಲು ಕಟ್ಟಿದ ಬೈರಿಗೆಯಿಂದ ತೂತು ಕೊರೆದು, ದಾರಕ್ಕೆ ಪೋಣಿಸಿ, ಗೀರುಬಿದ್ದ ಕಲ್ಲಿನ ಮೇಲೆ ಅಂಚು ನುಣುಪಾಗುವವರೆಗೆ ತಿಕ್ಕುವುದು ಹೆಚ್ಚಾಗಿ ಹೆಂಗಸರ ಕೆಲಸ. ಕೆಂಪು 'ರೊಮು' ಚಿಪ್ಪಿಗೆ ಬೆಲೆ ಜಾಸ್ತಿ, ಅದರ ಬಣ್ಣ ಏರಲು ಬಿಸಿ ಕೊಡುತ್ತಾರೆ. ಹತ್ತು ಎಳೆಗಳ 'ತಫುಲಿಯಾಎ' ಎಂಬ ಸರ ಹೆಣ್ಣಿಗೆ ತೆರ ಕೊಡಲು, ಜಗಳಕ್ಕೆ ದಂಡ ಕಟ್ಟಲು ಇಂದಿಗೂ ಬೇಕು. ಬೆಳೆಯಲು ನೆಲವಿಲ್ಲದ ಜನ ನೆಲದವರಿಗೆ ಬೇಕಾದ ಹಣವನ್ನೇ ಮಾಡಿದರು. ಪೂರ್ವದ ಲೌ ಜನ ನೀರಿನೊಳಗೆ ಕಲ್ಲಿಗೆ ಕಲ್ಲು ಬಡಿದು ಸದ್ದು ಮಾಡಿ ಡಾಲ್ಫಿನ್ ಹಿಂಡನ್ನು ತಡಿಗೆ ಅಟ್ಟಿ ಹಲ್ಲು ಸಂಪಾದಿಸುತ್ತಿದ್ದುದಕ್ಕೂ ಇದೇ ತರ್ಕ, ಆ ಹಲ್ಲು ಕೂಡ ಹಣವೇ.

ನನ್ನ ವಾದಕ್ಕೆ ಕಾಲವೂ ಒಂದು ಪರೀಕ್ಷೆ ಒಡ್ಡಿತು. 1893ರಲ್ಲಿ ಬ್ರಿಟಿಷರ ರಕ್ಷಿತ ರಾಜ್ಯ ಘೋಷಣೆಯಾಯಿತು, 1909ರಲ್ಲಿ ಔಕಿಯ ಎದುರಿನ ದಡದಲ್ಲಿ ಸರ್ಕಾರಿ ಠಾಣೆ ಬಂತು. 1927ರಲ್ಲಿ ಮಲೈಟಾದ ಗುಡ್ಡದವರಾದ ಕ್ವಾಯೊ ಜನರು ಜಿಲ್ಲಾಧಿಕಾರಿ ವಿಲಿಯಂ ಬೆಲ್ ಅವರನ್ನು ಕೊಂದದ್ದಕ್ಕೆ ಸರ್ಕಾರ ಕ್ರೂರವಾಗಿ ಸೇಡು ತೀರಿಸಿಕೊಂಡ ಮೇಲೆ ಮಲೈಟಾದ ಹಳೆಯ ಕಾದಾಟಗಳು ಅಡಗಿದವು. ಭಯವೊಂದೇ ದ್ವೀಪಗಳನ್ನು ಹಿಡಿದಿಟ್ಟಿದ್ದರೆ ಅಲ್ಲಿಂದ ಮುಂದೆ ಅವು ಬರಿದಾಗಬೇಕಿತ್ತು. ಒಂದಷ್ಟು ಮಂದಿ, ಮುಖ್ಯವಾಗಿ ಮಿಷನ್ನಿಗೆ ಸೇರಿದವರು, ದಡಕ್ಕೆ ಇಳಿದದ್ದು ನಿಜ. ಆದರೆ ಲೌ ಲಗೂನಿನಲ್ಲಿ ದ್ವೀಪಗಳು ತುಂಬಿಯೇ ಉಳಿದವು. ಇರುವವು ಬೆಳೆದವು, ಇಪ್ಪತ್ತನೆಯ ಶತಮಾನದಲ್ಲೂ ಹೊಸವು ಎದ್ದವು. ಸುಲುಫೌನವರು ಕ್ರೈಸ್ತರಾದರು, ಬುರುಡೆಗಳ ತಾಣದ ಬದಲು ಇಗರ್ಜಿ ಬಂತು, ಕಲ್ಲು ಮಾತ್ರ ಅಲ್ಲೇ ಇತ್ತು. ದೂರದ ಯುದ್ಧವೂ ಒಮ್ಮೆ ಬಂದು ತಟ್ಟಿತು. 1942ರ ಆಗಸ್ಟಿನಲ್ಲಿ ಅಮೆರಿಕದ ಪಡೆ ನೆರೆಯ ನಡುಗಡ್ಡೆಯಾದ ಗ್ವಾಡಲ್‌ಕನಾಲ್‌ನಲ್ಲಿ ಇಳಿದ ಹೊತ್ತಿಗೆ ಅವರದೇ ವಿಮಾನ ಗುರಿ ತಪ್ಪಿ ಲೌಲಾಸಿಯ ಮೇಲೆ ಬಾಂಬ್ ಹಾಕಿ, ಯಾವ ಪಕ್ಷಕ್ಕೂ ಸೇರದ ಊರವರನ್ನು ಕೊಂದಿತು.

ಶತ್ರುಗಳು, ಬಂದೂಕು, ಬಾಂಬು ಬಿಡಿಸಲಾಗದ ದ್ವೀಪವನ್ನು ಇಂದು ಬಿಡಿಸುತ್ತಿರುವುದು ಕಡಲೇ. 1986ರ ಮೇ ತಿಂಗಳ ನಾಮು ಚಂಡಮಾರುತ ಮಲೈಟಾವನ್ನೂ ಗ್ವಾಡಲ್‌ಕನಾಲನ್ನೂ ಜರ್ಜರಗೊಳಿಸಿತು. 1990ರ ದಶಕದಿಂದ ಸೊಲೊಮನ್ ಸುತ್ತಲ ಕಡಲು ವರ್ಷಕ್ಕೆ 7ರಿಂದ 10 ಮಿಲಿಮೀಟರ್‌ನಷ್ಟು ಏರುತ್ತಿದೆ. ಉಳಿದ ಪ್ರಪಂಚದ ಸರಾಸರಿಗಿಂತ ಇದು ಬಹಳ ಹೆಚ್ಚು. ಈ ದೇಶದಲ್ಲಿ ಐದು ಸಣ್ಣ ದ್ವೀಪಗಳು ಪೂರ್ತಿ ಅಳಿಸಿಹೋದದ್ದನ್ನು 2016ರಲ್ಲಿ ವಿಜ್ಞಾನಿಗಳು ದಾಖಲಿಸಿದರು. ದಕ್ಷಿಣ ಮಲೈಟಾದಲ್ಲಿ ಕೈಯಾರೆ ಕಟ್ಟಿದ್ದ ವಲಾಂಡೆ ದ್ವೀಪಕ್ಕೆ 2009ರಲ್ಲಿ ದೊಡ್ಡ ಉಬ್ಬರ ನುಗ್ಗಿ ಮನೆಗಳನ್ನು ಒಡೆಯಿತು. ಸುಮಾರು 800 ಜನರ ಆ ಊರು ಎದುರಿನ ದಡಕ್ಕೆ ಹೋಗಿ ನೆಲೆಸಿತು. ಅಲ್ಲಿ ಅವರು ಕಟ್ಟಿದ ತಡೆಗೋಡೆಯನ್ನೂ ನೀರು ಮತ್ತೆ ಮತ್ತೆ ಮೀರುತ್ತಿದೆ. ದಡಕ್ಕೆ ಹೋಗಿ ಎಂದು ಹೇಳುವುದು ಹೊರಗಿನವರಿಗೆ ಸುಲಭ. ಮಲೈಟಾದ ನೆಲದ ಬಹುಪಾಲು ವಂಶಪಾರಂಪರ್ಯದ ಸ್ವತ್ತು, ಪ್ರತಿ ಹೊಳೆಗೂ ಪ್ರತಿ ಇಳಿಜಾರಿಗೂ ಹಕ್ಕುದಾರರಿದ್ದಾರೆ. ತಲೆಮಾರುಗಳ ಹಿಂದೆ ಗುಡ್ಡ ಬಿಟ್ಟು ಬಂದವರ ಮೊಮ್ಮಕ್ಕಳು ಮರಳಿದಾಗ ಅಲ್ಲಿ ಬಂದು ಸೇರಿದವರಾಗುತ್ತಾರೆ. ಒಳನಾಡಿಗೆ ಇನ್ನೊಂದು ಹೆಜ್ಜೆ ಸರಿಯಬೇಕಾದರೂ ಇನ್ನೊಂದು ವಂಶದ ಒಪ್ಪಿಗೆ ಬೇಡಬೇಕು. ಹವಳದ ದಿಬ್ಬದ ಮೇಲಿನ ಹಕ್ಕು ಮಾತ್ರ ಲೌ ಜನರದೇ. ಆದ್ದರಿಂದ ಲೌ ಲಗೂನಿನಲ್ಲಿ ನೀರು ಇಳಿದ ಹೊತ್ತಿಗೆ ಈಗಲೂ ದೋಣಿಗಳು ಕಲ್ಲು ಹೇರಿಕೊಂಡು ಬರುತ್ತವೆ. ಮನೆಯ ಅಂಚು ಒಂದು ಮೊಳ ಎತ್ತರವಾಗುತ್ತದೆ. ಅಷ್ಟು ಮಾಡಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.